ಹೃದಯಾಘಾತವಾದವರ ರಕ್ತವನ್ನೂ ಅಳೆಯಿರಿ

ಹೃದಯಾಘಾತಕ್ಕೆ ತುತ್ತಾಗಿ ಬದುಕಿ ಬಂದವರು ಈಗ ಚಾಮರಾಜನಗರ, ಗುಂಡ್ಲುಪೇಟೆಯ ಹೆಚ್ಚಿನ ಬೀದಿಗಳಲ್ಲಿ ಒಬ್ಬರಾದರೂ ಸಿಗುತ್ತಾರೆ. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದ ಕಾಲದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಎರಡೂ ಊರುಗಳಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಎದೆನೋವು ಬಂದವರನ್ನು ವಾಹನ ಹುಡುಕಿ ಅಲ್ಲಿಗೆ ತಲುಪಿಸುವಷ್ಟರಲ್ಲಿ ಬೆಲೆಬಾಳುವ ಗಂಟೆಗಳು ಕಳೆದುಹೋಗುತ್ತಿದ್ದವು. ಜಯದೇವ ಹೃದ್ರೋಗ ಸಂಸ್ಥೆ ಮೈಸೂರಿನಲ್ಲಿ ಶಾಖೆ ತೆರೆದದ್ದು, 2016ರಲ್ಲಿ ಚಾಮರಾಜನಗರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು, 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ಆರಂಭವಾದದ್ದು, ಇವೆಲ್ಲ ಸೇರಿ ಅನೇಕ ಜೀವಗಳನ್ನು ಉಳಿಸಿವೆ. ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಡವರ ಪಾಲಿಗೆ ದೊಡ್ಡ ಭಾಗ್ಯವೇ ಸರಿ.

ಆದರೆ ಹೀಗೆ ಬದುಕಿ ಬಂದವರಲ್ಲಿ ಹಲವರು ಆರು ತಿಂಗಳೋ ವರ್ಷವೋ ಕಳೆದ ಮೇಲೆ ಬೇರೊಂದು ದೂರಿನೊಂದಿಗೆ ನಮ್ಮಂಥ ಸಾಮಾನ್ಯ ವೈದ್ಯರ ಬಳಿಗೆ ಬರುತ್ತಾರೆ. 'ಎಲ್ಡೆಜ್ಜೆ ಇಟ್ರೆ ಉಸ್ರು ಕಟ್ತದ ಸಾ, ಕೈಕಾಲು ಬಿದ್ದೋಗ್ತದ' ಎನ್ನುತ್ತಾರೆ. ಮನೆಯವರು 'ಹಾರ್ಟ್ ವೀಕ್ ಆಗಿದೆ' ಎಂದು ತಾವೇ ತೀರ್ಮಾನಿಸಿರುತ್ತಾರೆ. ಮತ್ತೆ ಮೈಸೂರಿಗೆ ಓಡಾಟ, ಮತ್ತೆ ಇಸಿಜಿ, ಮತ್ತೆ ಎಕೋ. ಇಷ್ಟೆಲ್ಲ ಆದರೂ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ಅಳೆಯುವ ಕೆಲಸವನ್ನು ಮಾತ್ರ ಎಷ್ಟೋ ಸಲ ಯಾರೂ ಮಾಡಿರುವುದಿಲ್ಲ. ಹೃದಯಾಘಾತದ ನಂತರದ ಆರೈಕೆಯಲ್ಲಿ ನಾವು ಬಿಟ್ಟಿರುವ ದೊಡ್ಡ ಲೋಪ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

'ರಕ್ತ ತೆಳು' ಎಂಬ ಮಾತು ತಂದ ಗೊಂದಲ

ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡುವ ಮುಖ್ಯ ಮಾತ್ರೆಗಳು ಎರಡು. ಒಂದು ಆಸ್ಪಿರಿನ್, ಇನ್ನೊಂದು ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್. ನಾವು ವೈದ್ಯರು ಅವಸರದಲ್ಲಿ ಇವನ್ನು 'ರಕ್ತ ತೆಳು ಮಾಡುವ ಮಾತ್ರೆ' ಎಂದು ಹೇಳಿ ಕಳುಹಿಸುತ್ತೇವೆ. ನಿಜ ಹೇಳಬೇಕೆಂದರೆ ಇವು ರಕ್ತವನ್ನು ಸ್ವಲ್ಪವೂ ತೆಳುಗೊಳಿಸುವುದಿಲ್ಲ. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಅತಿ ಸಣ್ಣ ಕಣಗಳಿವೆ. ಗಾಯವಾದಾಗ ಇವು ಒಂದಕ್ಕೊಂದು ಅಂಟಿಕೊಂಡು ರಕ್ತಸ್ರಾವವನ್ನು ನಿಲ್ಲಿಸುತ್ತವೆ. ಹೃದಯದ ರಕ್ತನಾಳದೊಳಗೆ ಕೊಬ್ಬಿನ ಪದರ ಬಿರಿದಾಗಲೂ ಅದನ್ನು ಗಾಯವೆಂದೇ ಭಾವಿಸಿ ಅಂಟಿಕೊಳ್ಳುತ್ತವೆ. ಆಗ ನಾಳ ಮುಚ್ಚಿಹೋಗಿ ಹೃದಯಾಘಾತವಾಗುತ್ತದೆ. ಮಾತ್ರೆಗಳು ಈ ಅಂಟುವ ಗುಣವನ್ನು ಕುಂದಿಸುತ್ತವೆ. ಅಷ್ಟೇ.

ಅದರ ಪ್ರಯೋಜನ ಸಣ್ಣದಲ್ಲ. 1988ರಲ್ಲಿ ಪ್ರಕಟವಾದ 'ಐಸಿಸ್-2' ಎಂಬ ಪ್ರಸಿದ್ಧ ಅಧ್ಯಯನದಲ್ಲಿ ಹೃದಯಾಘಾತದ ಶಂಕೆಯಿದ್ದ 17 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಒಂದು ತಿಂಗಳು ಆಸ್ಪಿರಿನ್ ಪಡೆದವರಲ್ಲಿ ಮೊದಲ ಐದು ವಾರಗಳ ಹೃದಯ ಮತ್ತು ರಕ್ತನಾಳ ಸಂಬಂಧದ ಸಾವು ಶೇಕಡಾ 23ರಷ್ಟು ಕಡಿಮೆಯಾಯಿತು. ಕೆಲವೇ ಪೈಸೆಯ ಮಾತ್ರೆಯೊಂದು ಇಷ್ಟು ಜೀವ ಉಳಿಸಿದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಆದರೆ 'ತೆಳು' ಎಂಬ ಪದ ನಮ್ಮ ಜನರ ಮನಸ್ಸಿನಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆ ಹುಟ್ಟಿಸಿದೆ. ಕೆಲವರು, ಮಾತ್ರೆ ನುಂಗಿದರೆ ರಕ್ತ ನೀರಾಗುತ್ತದೆ ಎಂದು ಹೆದರಿ ತಾವೇ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ಮುಖ ಬಿಳಿಚಿಕೊಂಡರೂ, ಸುಸ್ತಾದರೂ 'ರಕ್ತ ತೆಳು ಆಗೋ ಮಾತ್ರೆ ತಗೋತಿದ್ದೀನಲ್ಲ, ಹಾಗೇ ಇರುತ್ತೆ' ಎಂದು ಸುಮ್ಮನಿದ್ದುಬಿಡುತ್ತಾರೆ. ಮೊದಲನೆಯವರಿಗೆ ಮತ್ತೊಂದು ಹೃದಯಾಘಾತದ ಭಯ, ಎರಡನೆಯವರಿಗೆ ರಕ್ತಹೀನತೆಯ ಭಯ. ಎರಡಕ್ಕೂ ಮೂಲ ನಮ್ಮ ಒಂದು ಅರೆಬರೆ ಮಾತು.

ಕಣ್ಣಿಗೆ ಕಾಣದ ಸೋರಿಕೆ

ಹಾಗಾದರೆ ರಕ್ತ ಕಡಿಮೆಯಾಗುವುದು ಹೇಗೆ? ಆಸ್ಪಿರಿನ್ ಜಠರದ ಒಳಪದರವನ್ನು ಕಾಪಾಡುವ ರಾಸಾಯನಿಕವನ್ನೂ ತಡೆಹಿಡಿಯುತ್ತದೆ. ರಕ್ಷಣೆ ತಪ್ಪಿದ ಕಡೆ ಆಮ್ಲ ತಾಗಿ ಸಣ್ಣ ಸಣ್ಣ ತರಚು ಗಾಯಗಳಾಗುತ್ತವೆ. ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದ ಕಾರಣ ಆ ಗಾಯಗಳು ಬೇಗ ಮುಚ್ಚುವುದಿಲ್ಲ. ಮಾತ್ರೆಯ ಮೇಲೆ ರಕ್ಷಣಾ ಲೇಪನವಿದ್ದರೂ ಈ ತೊಂದರೆ ಪೂರ್ತಿ ತಪ್ಪುವುದಿಲ್ಲ; ಏಕೆಂದರೆ ಔಷಧಿ ರಕ್ತದ ಮೂಲಕವೂ ಜಠರವನ್ನು ತಲುಪುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶವಿರುತ್ತದೆ. ದಿನಕ್ಕೆ ಎರಡು ಚಹಾ ಚಮಚದಷ್ಟು, ಅಂದರೆ 10 ಮಿಲಿಲೀಟರ್ ರಕ್ತ ಕರುಳಿನಲ್ಲಿ ಸೋರಿದರೆ 5 ಮಿಲಿಗ್ರಾಂ ಕಬ್ಬಿಣ ಹೋದಂತಾಯಿತು. ನಾವು ತಿನ್ನುವ ಊಟದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಅಂದರೆ ದಿನವೂ ಮೂರು ನಾಲ್ಕು ಮಿಲಿಗ್ರಾಂ ಸಾಲ. ಹೆಂಗಸರ ದೇಹದಲ್ಲಿ ಸಾಮಾನ್ಯವಾಗಿ ಶೇಖರವಾಗಿರುವ ಕಬ್ಬಿಣ 300 ಮಿಲಿಗ್ರಾಂ ಆಸುಪಾಸು. ಮೂರು ತಿಂಗಳಲ್ಲಿ ಕಣಜ ಖಾಲಿ. ಗಂಡಸರ ಕಣಜ ಇನ್ನೂ ಕೆಲವು ತಿಂಗಳು ತಾಳೀತು.

ಇಷ್ಟಾದರೂ ರೋಗಿಗೆ ಗೊತ್ತಾಗುವುದಿಲ್ಲ. ಮಲ ಡಾಂಬರಿನಂತೆ ಕಪ್ಪಾಗಬೇಕಾದರೆ ಒಮ್ಮೆಗೇ 50ರಿಂದ 100 ಮಿಲಿಲೀಟರಿನಷ್ಟು ರಕ್ತ ಜಠರದಲ್ಲಿ ಸೋರಬೇಕು. ದಿನಕ್ಕೆ ಎರಡು ಚಮಚ ಸೋರಿದರೆ ಬಣ್ಣ ಬದಲಾಗುವುದಿಲ್ಲ, ಹೊಟ್ಟೆನೋವೂ ಇಲ್ಲದಿರಬಹುದು. ಬಣ್ಣ ಬದಲಾದಾಗಲೂ 'ರಾಗಿ ಉಂಡಿದ್ದಕ್ಕೆ ಹಾಗಾಗಿದೆ' ಎಂದು ಸಮಾಧಾನ ಹೇಳಿಕೊಳ್ಳುವವರನ್ನು ನಾನು ಕಂಡಿದ್ದೇನೆ.

ಇದು ಬರೀ ಊಹೆಯಲ್ಲ. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19 ಸಾವಿರಕ್ಕೂ ಹೆಚ್ಚು ಆರೋಗ್ಯವಂತ ವೃದ್ಧರ ಮೇಲೆ ನಡೆದ 'ಆಸ್ಪ್ರೀ' ಅಧ್ಯಯನದ ವಿವರಗಳು 2023ರಲ್ಲಿ ಪ್ರಕಟವಾದವು. ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಸೇವಿಸಿದವರಲ್ಲಿ ರಕ್ತಹೀನತೆ ಉಂಟಾಗುವ ಸಂಭವ ಸೇವಿಸದವರಿಗಿಂತ ಶೇಕಡಾ 20ರಷ್ಟು ಹೆಚ್ಚಿತ್ತು. ಕಬ್ಬಿಣದ ಶೇಖರಣೆಯೂ ಬೇಗ ಇಳಿದಿತ್ತು. ಅವರು ಸೇವಿಸಿದ್ದು ಒಂದೇ ಮಾತ್ರೆ. ಹೃದಯಾಘಾತವಾದವರು ಸೇವಿಸುವುದು ಎರಡು.

ಹೃದಯಕ್ಕೇ ಏಕೆ ಹೆಚ್ಚು ಪೆಟ್ಟು?

ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಕೂಲಿಯಾಳು ಹಿಮೋಗ್ಲೋಬಿನ್. ಪ್ರತಿ ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಹಿಮೋಗ್ಲೋಬಿನ್ 14 ಇದ್ದದ್ದು 7ಕ್ಕೆ ಇಳಿದರೆ ಪ್ರತಿ ಬಾರಿ ಬರುವ ಹೊರೆಯೂ ಅರ್ಧವಾಗುತ್ತದೆ. ಕೈಕಾಲಿನ ಸ್ನಾಯುಗಳು ಇಂಥ ಸಂದರ್ಭದಲ್ಲಿ ಬಂದ ರಕ್ತದಿಂದಲೇ ಹೆಚ್ಚು ಆಮ್ಲಜನಕ ಹಿಂಡಿಕೊಂಡು ನಿಭಾಯಿಸಬಲ್ಲವು. ಹೃದಯಕ್ಕೆ ಆ ಅನುಕೂಲವಿಲ್ಲ. ಅದು ವಿಶ್ರಾಂತಿಯಲ್ಲಿರುವಾಗಲೇ ತನಗೆ ಬರುವ ಆಮ್ಲಜನಕದ ಮುಕ್ಕಾಲು ಭಾಗದಷ್ಟನ್ನು ಹೀರಿಕೊಂಡಿರುತ್ತದೆ. ಅದಕ್ಕಿರುವ ದಾರಿ ಒಂದೇ: ಹೆಚ್ಚು ರಕ್ತ ಹರಿಯಬೇಕು. ಆದರೆ ನಾಳಗಳೇ ಕಿರಿದಾಗಿರುವ ಹೃದ್ರೋಗಿಯಲ್ಲಿ ಅದು ಹೇಗೆ ಸಾಧ್ಯ? ಹೀಗಾಗಿ ಹೃದಯ ವೇಗವಾಗಿ ಬಡಿದುಕೊಳ್ಳುತ್ತದೆ, ಉಬ್ಬಸ ಬರುತ್ತದೆ, ಎದೆನೋವು ಮರುಕಳಿಸುತ್ತದೆ. ಸ್ಟೆಂಟ್ ಸರಿಯಾಗಿಯೇ ಇರುತ್ತದೆ. ಅದರೊಳಗೆ ಹರಿಯುವ ರಕ್ತದಲ್ಲಿ ಸತ್ವವಿರುವುದಿಲ್ಲ.

2023ರಲ್ಲಿ ಪ್ರಕಟವಾದ 'ಮಿಂಟ್' ಎಂಬ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಹೃದಯಾಘಾತದ ಜೊತೆಗೆ ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆಯಿದ್ದ 3,504 ರೋಗಿಗಳನ್ನು ಆರು ದೇಶಗಳಲ್ಲಿ ಪರೀಕ್ಷಿಸಲಾಯಿತು. ಒಂದು ಗುಂಪಿಗೆ ಹಿಮೋಗ್ಲೋಬಿನ್ 7-8ಕ್ಕಿಂತ ಕೆಳಗಿಳಿದರೆ ಮಾತ್ರ ರಕ್ತ ಕೊಡಲಾಯಿತು. ಇನ್ನೊಂದು ಗುಂಪಿನಲ್ಲಿ ಅದನ್ನು 10ಕ್ಕಿಂತ ಮೇಲೆ ಉಳಿಸಿಕೊಳ್ಳಲಾಯಿತು. 30 ದಿನಗಳಲ್ಲಿ ಸಾವು ಅಥವಾ ಮರು ಹೃದಯಾಘಾತ ಮೊದಲ ಗುಂಪಿನಲ್ಲಿ ಶೇ. 16.9, ಎರಡನೆಯದರಲ್ಲಿ ಶೇ. 14.5. ಅಂಕಿಅಂಶ ಶಾಸ್ತ್ರದ ಬಿಗಿ ಅಳತೆಯಲ್ಲಿ ಈ ವ್ಯತ್ಯಾಸ ಖಚಿತ ಎನ್ನುವ ಮಟ್ಟ ಮುಟ್ಟಲಿಲ್ಲ. ಆದರೂ ಹೃದಯಾಘಾತವಾದವರಲ್ಲಿ ರಕ್ತಹೀನತೆಯನ್ನು ಹಗುರವಾಗಿ ಕಾಣಬಾರದೆಂಬ ಎಚ್ಚರಿಕೆಯನ್ನು ಅದು ಕೊಟ್ಟಿದೆ.

ನಮ್ಮ ಸೀಮೆಯ ಕಾರಣಗಳು

ಮಾತ್ರೆಯೊಂದನ್ನೇ ದೂರಿದರೆ ಅನ್ಯಾಯವಾದೀತು. ನಮ್ಮಲ್ಲಿ ಹಲವರು ಮೊದಲೇ ರಕ್ತ ಕಡಿಮೆಯಿರುವವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ, ಗಂಡಸರಲ್ಲಿ ಶೇ. 25 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದ ಮಹಿಳೆಯರಲ್ಲಿ ಈ ಪ್ರಮಾಣ ಶೇ. 48ರ ಹತ್ತಿರ. ಕಣಜದಲ್ಲಿ ಏನೂ ಇಲ್ಲದವರಿಗೆ ಹೃದಯಾಘಾತವಾಗಿ, ಮೇಲೆ ಸೋರಿಕೆಯೂ ಶುರುವಾದರೆ ಏನಾಗಬೇಡ?

ಎಲ್ಲಕ್ಕಿಂತ ದೊಡ್ಡ ಖಳನಾಯಕ ನೋವಿನ ಮಾತ್ರೆ. ಬಾಳೆ, ಅರಿಶಿನ, ತರಕಾರಿ ಬೆಳೆಯುವ ನಮ್ಮ ರೈತರಿಗೆ, ಕಳೆ ಕೀಳುವ ಹೆಂಗಸರಿಗೆ ಸೊಂಟ, ಮಂಡಿ ನೋವು ತಪ್ಪಿದ್ದಲ್ಲ. ಸಂತೆಗೆ ಬಂದವರು ಔಷಧಿ ಅಂಗಡಿಯಲ್ಲಿ 'ಮೈಕೈ ನೋವಿಗೆ ಒಂದು ಸೆಟ್ ಕೊಡಿ' ಎಂದು ಕೇಳಿ ಪಡೆಯುವ ಪೊಟ್ಟಣದಲ್ಲಿ ಹೆಚ್ಚಾಗಿ ಇರುವುದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್, ಕೆಲವೊಮ್ಮೆ ಸ್ಟೀರಾಯ್ಡ್ ಕೂಡ. ಆಸ್ಪಿರಿನ್ ಜೊತೆ ಇವು ಸೇರಿದರೆ ಜಠರದ ರಕ್ತಸ್ರಾವದ ಅಪಾಯ ಹಲವು ಪಟ್ಟು ಏರುತ್ತದೆ. ಐಬುಪ್ರೊಫೇನ್ ಅಂತೂ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರಬಲ್ಲದು. ಗುಣ ಹೋಗಿ ದೋಷ ಮಾತ್ರ ಉಳಿದಂತೆ.

ಗುಂಡ್ಲುಪೇಟೆ ತಾಲ್ಲೂಕಿನ ಬಾಳೆ ಬೆಳೆಗಾರರೊಬ್ಬರ ಪ್ರಸಂಗ ಹೀಗಿದೆ. ವಯಸ್ಸು 58. ಸ್ಟೆಂಟ್ ಹಾಕಿಸಿಕೊಂಡು ಹನ್ನೊಂದು ತಿಂಗಳಾಗಿತ್ತು. ಏದುಸಿರು ಎಂದು ಮಗ ಮೂರು ಬಾರಿ ಎಕೋ ಮಾಡಿಸಿದ್ದ. ಮೂರರಲ್ಲೂ ಹೃದಯದ ಕೆಲಸ ತೃಪ್ತಿಕರ. ಹಿಮೋಗ್ಲೋಬಿನ್ ನೋಡಿದರೆ 6.8. ವಿಚಾರಿಸಿದಾಗ ಮಂಡಿನೋವಿಗೆ ಆರು ತಿಂಗಳಿಂದ ದಿನಾ ಅಂಗಡಿ ಮಾತ್ರೆ ನುಂಗುತ್ತಿದ್ದುದು ಹೊರಬಂತು. ಅದನ್ನು ಬಿಡಿಸಿ, ಎಂಡೋಸ್ಕೋಪಿ ಮಾಡಿಸಿ, ಜಠರದ ಹುಣ್ಣಿಗೂ ರಕ್ತಹೀನತೆಗೂ ಚಿಕಿತ್ಸೆ ಕೊಟ್ಟ ಮೇಲೆ ನಾಲ್ಕು ತಿಂಗಳಲ್ಲಿ ತೋಟದ ಕೆಲಸಕ್ಕೆ ಮರಳಿದರು. ಅವರ ಹೃದಯ ಮೊದಲಿನಿಂದಲೂ ಗಟ್ಟಿಯಾಗಿಯೇ ಇತ್ತು.

ಇತರ ಕಾರಣಗಳೂ ಇವೆ. ಬರಿಗಾಲಿನಲ್ಲಿ ಹೊಲ ತಿರುಗುವವರಿಗೆ ಕೊಕ್ಕೆಹುಳುವಿನ ಬಾಧೆ. ಸಸ್ಯಾಹಾರಿಗಳಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ-12 ಜೀವಸತ್ವದ ಕೊರತೆ. ಮೂತ್ರಪಿಂಡದ ದೌರ್ಬಲ್ಯ. ಮೂಲವ್ಯಾಧಿ. ವಯಸ್ಸಾದವರಲ್ಲಿ ಜಠರ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಆಸ್ಪಿರಿನ್ ಸೇವನೆಯ ಸಮಯದಲ್ಲಿ ರಕ್ತ ಸೋರಿ ಬೆಳಕಿಗೆ ಬರುವುದುಂಟು. ಬಿಳಿಗಿರಿರಂಗನಬೆಟ್ಟ ಮತ್ತು ಸುತ್ತಲಿನ ಕಾಡಂಚಿನ ಸೋಲಿಗರಲ್ಲಿ ಕುಡುಗೋಲು ಕಣ ರಕ್ತಹೀನತೆ ಇರುವುದು ಅಲ್ಲಿ ದಶಕಗಳಿಂದ ಸೇವೆ ಮಾಡುತ್ತಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ವೈದ್ಯರ ಕೆಲಸದಿಂದ ತಿಳಿದುಬಂದಿದೆ. ಆದ್ದರಿಂದ ರಕ್ತ ಕಡಿಮೆ ಎಂದೊಡನೆ ಎಲ್ಲರಿಗೂ ಒಂದೇ ಟಾನಿಕ್ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಕಾರಣ ಹುಡುಕಲೇಬೇಕು.

ಮಾತ್ರೆ ನಿಲ್ಲಿಸುವುದು ಪರಿಹಾರವಲ್ಲ

ಇಷ್ಟು ಓದಿದ ಮೇಲೆ 'ಹಾಗಾದರೆ ಮಾತ್ರೆಯೇ ಬೇಡ' ಎಂದು ಯಾರಾದರೂ ತೀರ್ಮಾನಿಸಿದರೆ ಈ ಲೇಖನದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ತೆರಕಣಾಂಬಿ ಕಡೆಯ ಗೃಹಿಣಿಯೊಬ್ಬರು ನೆರೆಯವರ ಮಾತು ಕೇಳಿ ರಕ್ತ ನೀರಾಗುತ್ತದೆಂದು ಎರಡೂ ಮಾತ್ರೆ ಬಿಟ್ಟರು. ಸ್ಟೆಂಟ್ ಹಾಕಿ ಆಗಿನ್ನೂ ಮೂರು ತಿಂಗಳು. ಬಿಟ್ಟ ಇಪ್ಪತ್ತನೆಯ ದಿನ ಸ್ಟೆಂಟಿನೊಳಗೆ ಹೆಪ್ಪುಗಟ್ಟಿ ಎರಡನೆಯ ಹೃದಯಾಘಾತವಾಯಿತು. ಅವರು ಉಳಿಯಲಿಲ್ಲ.

ಸಾಮಾನ್ಯವಾಗಿ ಹೃದಯಾಘಾತದ ನಂತರ ಎರಡೂ ಮಾತ್ರೆಗಳನ್ನು ಒಂದು ವರ್ಷ, ಆಮೇಲೆ ಒಂದನ್ನು ದೀರ್ಘಕಾಲ ಸೇವಿಸಬೇಕು. ರಕ್ತಸ್ರಾವದ ಅಪಾಯ ಹೆಚ್ಚಿರುವವರಲ್ಲಿ ಎರಡು ಮಾತ್ರೆಯ ಅವಧಿಯನ್ನು ತಜ್ಞರು ಕೆಲವು ತಿಂಗಳಿಗೆ ಇಳಿಸಬಹುದು. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ಮಾನದಂಡದಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿರುವುದೇ ಅಂಥ ಅಪಾಯದ ಒಂದು ಪ್ರಮುಖ ಗುರುತು. ಅಂದರೆ ರಕ್ತ ಪರೀಕ್ಷೆ ಮಾಡದೆ ಈ ನಿರ್ಧಾರವನ್ನೇ ಮಾಡಲಾಗದು. ನಿಲ್ಲಿಸುವ, ಬದಲಿಸುವ ತೀರ್ಮಾನ ಹೃದ್ರೋಗ ತಜ್ಞರದು. ರೋಗಿಯದೂ ಅಲ್ಲ, ನೆರೆಯವರದೂ ಅಲ್ಲ.

ಕೆಲವು ಸಹೋದ್ಯೋಗಿಗಳು ನನ್ನ ವಾದಕ್ಕೆ ಒಂದು ಆಕ್ಷೇಪ ಎತ್ತುತ್ತಾರೆ: 'ರಕ್ತಸ್ರಾವದ ವಿಷಯ ಹೇಳಿದರೆ ಜನ ಹೆದರಿ ಮಾತ್ರೆ ಬಿಡುತ್ತಾರೆ, ಸುಮ್ಮನಿರುವುದೇ ಲೇಸು.' ಈ ಆತಂಕದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಸುಮ್ಮನಿದ್ದರೂ ಜನ ಬಿಡುತ್ತಿದ್ದಾರೆ. ಸುಸ್ತಾದಾಗ ಕಾರಣ ಹೇಳುವವರಿಲ್ಲದೆ, ತಮಗೆ ತೋಚಿದ ಮಾತ್ರೆಯನ್ನು ತಾವೇ ನಿಲ್ಲಿಸುತ್ತಾರೆ. ತಿಳಿದು ಎಚ್ಚರವಾಗಿರುವ ರೋಗಿ ತಿಳಿಯದೆ ಧೈರ್ಯವಾಗಿರುವ ರೋಗಿಗಿಂತ ಹೆಚ್ಚು ದಿನ ಮಾತ್ರೆ ಸೇವಿಸುತ್ತಾನೆಂಬುದು ನನ್ನ ಅನುಭವ.

ಇನ್ನೊಂದು ಮಾತು. ಹೃದಯದ ತೊಂದರೆಯೇ ಇಲ್ಲದವರು ಮುನ್ನೆಚ್ಚರಿಕೆ ಎಂದು ತಾವಾಗಿ ಆಸ್ಪಿರಿನ್ ಆರಂಭಿಸಬಾರದು. 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳಿಂದ ಗಾಬರಿಗೊಂಡು ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದಾಗ, ಇಲ್ಲಿಯೂ ಅನೇಕರು ಬಂದು ಆ ಮಾತ್ರೆ ಕೇಳಿದರು. ಆರೋಗ್ಯವಂತ ವೃದ್ಧರಿಗೆ ಅದರಿಂದ ಲಾಭಕ್ಕಿಂತ ರಕ್ತಸ್ರಾವವೇ ಹೆಚ್ಚೆಂದು ಮೇಲೆ ಹೇಳಿದ 'ಆಸ್ಪ್ರೀ' ಅಧ್ಯಯನ 2018ರಲ್ಲೇ ತೋರಿಸಿತ್ತು.

ಆಗಬೇಕಾದದ್ದೇನು?

ಸರ್ಕಾರದ ರಕ್ತಹೀನತೆ ಕಾರ್ಯಕ್ರಮಗಳು ಇಲ್ಲವೆಂದಲ್ಲ. 2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಮಕ್ಕಳು, ಹದಿಹರೆಯದವರು, ಗರ್ಭಿಣಿಯರು, ಹಾಲೂಡುವ ತಾಯಂದಿರು, ಹೆರುವ ವಯಸ್ಸಿನ ಮಹಿಳೆಯರನ್ನು ಗಮನದಲ್ಲಿಟ್ಟು ರೂಪಿಸಿದ್ದು. ಅದು ಸರಿಯೇ. ಆದರೆ ಆ ಪಟ್ಟಿಯಲ್ಲಿ 60 ವರ್ಷದ ಹೃದ್ರೋಗಿ ರೈತನಿಲ್ಲ, ಅವನ ಹೆಂಡತಿಯೂ ಇಲ್ಲ. ಇನ್ನೊಂದೆಡೆ ಬಿ.ಪಿ., ಸಕ್ಕರೆಯ ತಪಾಸಣೆಗೆ ಆರೋಗ್ಯ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬರುತ್ತಿದ್ದಾರೆ. ಹೃದಯಾಘಾತವಾದವರಿರುವ ಮನೆಯಲ್ಲಿ ಆ ಎರಡರ ಜೊತೆ ಹಿಮೋಗ್ಲೋಬಿನ್ನನ್ನೂ ಅಳೆದರೆ ಹೆಚ್ಚುವರಿ ಖರ್ಚು ತೀರಾ ಅಲ್ಪ. ಸಾಧನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗಾಗಿ ಆಗಲೇ ಇದೆ.

ದೊಡ್ಡ ಆಸ್ಪತ್ರೆಗಳು ಬಿಡುಗಡೆಯ ದಿನ ಕೊಡುವ ಇಂಗ್ಲಿಷ್ ಚೀಟಿಯ ಜೊತೆಗೆ ಕನ್ನಡದಲ್ಲಿ ಮೂರು ಸಾಲು ಬರೆದುಕೊಡಲಿ: ಇಂದಿನ ಹಿಮೋಗ್ಲೋಬಿನ್ ಎಷ್ಟು, ಮುಂದಿನ ಪರೀಕ್ಷೆ ಯಾವಾಗ, ಯಾವ ನೋವಿನ ಮಾತ್ರೆ ಮುಟ್ಟಬಾರದು. ಬಿಡುಗಡೆಯ ದಿನ, ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಬಳಿಕ ಆರು ತಿಂಗಳಿಗೊಮ್ಮೆ ಪರೀಕ್ಷೆ ಎಂಬುದು ನನ್ನ ಸಲಹೆ. ಔಷಧಿ ಅಂಗಡಿಯವರು ನೋವಿನ ಮಾತ್ರೆ ಕೊಡುವ ಮುನ್ನ 'ಹಾರ್ಟಿಗೆ ಮಾತ್ರೆ ತಗೋತಿದ್ದೀರಾ?' ಎಂದು ಒಂದು ಮಾತು ಕೇಳಿದರೆ ಎಷ್ಟೋ ಅನಾಹುತ ತಪ್ಪೀತು.

ಮನೆಯವರು ಗಮನದಲ್ಲಿಡಬೇಕಾದ ಸಂಗತಿಗಳು ಇವು. ಗಂಡಸರಲ್ಲಿ 13, ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. ಡಾಂಬರಿನಂತೆ ಅಂಟಂಟಾದ, ದುರ್ವಾಸನೆಯ ಕಪ್ಪು ಮಲ ಅಥವಾ ಕಾಫಿ ಚರಟದ ಬಣ್ಣದ ವಾಂತಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟಾಗಿರುವುದಿಲ್ಲ, ಅನುಮಾನವಿದ್ದರೆ ತೋರಿಸಿಬಿಡಿ. ಮೈಕೈ ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಜಠರದ ರಕ್ಷಣೆಗೆಂದು ಬರೆದುಕೊಟ್ಟ ಪ್ಯಾಂಟೊಪ್ರಜೋಲನ್ನು 'ಗ್ಯಾಸಿನ ಮಾತ್ರೆ ತಾನೆ' ಎಂದು ಉದಾಸೀನ ಮಾಡಿ ಬಿಡಬೇಡಿ, ಅದರ ಬದಲಿಗೆ ಒಮೆಪ್ರಜೋಲನ್ನು ನೀವಾಗಿ ಕೊಳ್ಳಲೂ ಬೇಡಿ; ಅದು ಕ್ಲೋಪಿಡೋಗ್ರೆಲ್‌ನ ಶಕ್ತಿಯನ್ನು ತಗ್ಗಿಸುತ್ತದೆ.

ಊಟದ ವಿಷಯ ಕೇಳುವವರು ಬಹಳ. ರಾಗಿ, ಹುರುಳಿ, ಸೊಪ್ಪು ಎಲ್ಲವೂ ಒಳ್ಳೆಯವೇ. ರಾಗಿ, ಹುರುಳಿಯನ್ನು ಮೊಳಕೆ ಬರಿಸಿ, ಊಟದ ಜೊತೆ ನಿಂಬೆರಸ ಸೇರಿಸಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಅದಕ್ಕೆ ಅಡ್ಡಿ. ಆದರೆ ದಿನಕ್ಕೆ 5 ಮಿಲಿಗ್ರಾಂ ಸೋರುವವರಿಗೆ ಊಟವೊಂದೇ ಸಾಲದೆಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ. ಕಬ್ಬಿಣದ ಕೊರತೆ ಖಚಿತವಾದವರು ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಿದರೆ ಮಾತ್ರ ಕಣಜ ತುಂಬುತ್ತದೆ. ಮಾತ್ರೆ ಒಗ್ಗದವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಚಿಕಿತ್ಸೆಯೂ ಇದೆ.

ಹೃದಯಾಘಾತವಾದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ಫೈಲು ತೆಗೆದು ನೋಡಿ. ಕಳೆದ ಆರು ತಿಂಗಳಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯ ಚೀಟಿ ಸಿಗದಿದ್ದರೆ ಈ ವಾರವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿ.